ಮೂಲೆ ಸೇರಿದ ಲೇತು

ಚನ್ನಪಟ್ಟಣದ ಬಣ್ಣದ ಬೊಂಬೆ ಯಾರಿಗೆ ಗೊತ್ತಿಲ್ಲ? ಈ ಬೊಂಬೆ ಹುಟ್ಟುವುದು ಲೇತಿನ ಮೇಲೆ. ಆಲೆ ಮರದ ತುಂಡು ಗಿರಗಿರ ತಿರುಗುತ್ತದೆ. ಉಳಿ ಹಿಡಿದರೆ ಆಕಾರ ಬರುತ್ತದೆ. ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ, ಬಣ್ಣ ಹತ್ತುತ್ತದೆ. ಹಿಂದೆ ಬಿಲ್ಲಿಗೆ ಹಗ್ಗ ಕಟ್ಟಿ ಎಳೆದು ಕೈಲೇತು ತಿರುಗಿಸುತ್ತಿದ್ದರು. ಆಮೇಲೆ ಕರೆಂಟಿನ ಲೇತು ಬಂತು.

ಕೆಲಸ ನಿಂತ ಮನೆಯಲ್ಲಿ ಲೇತು ಮೂಲೆ ಸೇರುತ್ತದೆ. ತುಕ್ಕು ಹಿಡಿಯುತ್ತದೆ. ಗುಜರಿಯವರು ಬಂದು ಕೆಜಿ ಲೆಕ್ಕದಲ್ಲಿ ಕೇಳುತ್ತಾರೆ. ಕೊಟ್ಟರೆ ಒಂದು ಸಲ ದುಡ್ಡು ಬರುತ್ತದೆ, ಅಷ್ಟೇ. ಆಮೇಲೆ ಬೇರೆಯವರ ಲೇತಿನ ಮುಂದೆ ಕೂಲಿಗೆ ಕೂರಬೇಕು. ಕೊಡುವ ಮೊದಲು ಒಂದು ಸಲ ಬಿಚ್ಚಿ ನೋಡೋಣ.

ತುಕ್ಕು ಯಾಕೆ ಬರುತ್ತದೆ? ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು. ಮಳೆಗಾಲದಲ್ಲಿ ಹೊರಗೆ ಬಿಟ್ಟ ನೇಗಿಲ ಗುಳ ಕೆಂಪಾಗೋದಿಲ್ಲವೇ? ಹಾಗೇ. ಲೇತಿನ ಮೇಲೆ ಬಿದ್ದ ಮರದ ಹೊಟ್ಟು ತೇವ ಹಿಡಿದುಕೊಳ್ಳುತ್ತದೆ. ಆ ಹೊಟ್ಟಿನ ಅಡಿಯಲ್ಲೇ ತುಕ್ಕು ಹೆಚ್ಚು.

ಮೊದಲು ಕರೆಂಟಿನ ವೈರು ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಬೆಲ್ಟ್ ತೆಗೆದು, ಹೊಟ್ಟು ಗುಡಿಸಬೇಕು. ಅಂಟಿದ ಹಳೇ ಅರಗನ್ನು ಮರದ ಚಕ್ಕೆಯಿಂದ ಕೆರೆಯಬೇಕು. ತುಕ್ಕಿನ ಮೇಲೆ ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಡಬೇಕು. ಹತ್ತಿರ ಬೀಡಿ, ಒಲೆ, ದೀಪ ಬೇಡವೇ ಬೇಡ. ಕಿಟಕಿ ತೆಗೆದಿರಲಿ. ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ, ಆಮೇಲೆ ನಯವಾದ ಎಮರಿ ಕಾಗದ ಹಿಡಿಯಬೇಕು. ಲೇತಿನ ಹಾಸುಗಂಬಿಗೆ ಮಾತ್ರ ಅರ ಹಾಕಬಾರದು. ಅಲ್ಲಿ ತಗ್ಗು ಬಿದ್ದರೆ ಎದುರುಬದುರಿನ ಎರಡು ಮೊನೆಗಳು ಒಂದೇ ಗೆರೆಗೆ ಬರೋದಿಲ್ಲ. ಮರ ಕುಣಿಯುತ್ತದೆ, ಬೊಂಬೆ ಸೊಟ್ಟಾಗುತ್ತದೆ.

ಬಿಗಿದ ನಟ್ಟಿಗೆ ಸುತ್ತಿಗೆ ಏಟು ಬೇಡ. ಎಣ್ಣೆ ಬಿಟ್ಟು ಕಾಯಬೇಕು. ಆತುರಪಟ್ಟರೆ ಬೋಲ್ಟೇ ಮುರಿಯುತ್ತದೆ.

ಈಗ ಕೈಯಿಂದ ತಿರುಗಿಸಿ ಕಿವಿ ಕೊಡಿ. ಕರಕರ ಅಂದರೆ ಬೇರಿಂಗ್ ಸವೆದಿದೆ ಅಂತ ತಿಳಿಯಬೇಕು. ಗ್ರೀಸ್ ತುಂಬಿದರೂ ಸದ್ದು ಹೋಗದಿದ್ದರೆ ಹೊಸದು ಹಾಕಿಸಬೇಕು. ಬೆಲ್ಟ್ ಸೀಳಿದ್ದರೆ ಅದೂ ಹೊಸದೇ. ಎರಕದ ಕಬ್ಬಿಣದಲ್ಲೇ ಬಿರುಕು ಕಂಡರೆ? ಆ ಭಾಗ ಬದಲಿಸುವ ತನಕ ಲೇತು ಓಡಿಸಬಾರದು. ಒಡೆದ ಚೂರು ಮುಖಕ್ಕೆ ಹಾರೀತು. ಮೋಟಾರು, ವೈರಿನ ಕೆಲಸ ತಿಳಿದವರಿಂದಲೇ ಮಾಡಿಸಿ. ಅರ್ಥಿಂಗ್ ಇರಲೇಬೇಕು.

ಉಜ್ಜಿದ ಕಬ್ಬಿಣ ಬರಿದಾಗಿದ್ದರೆ ಮತ್ತೆ ತುಕ್ಕು ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಮಿಷನ್ ಎಣ್ಣೆ ತೆಳ್ಳಗೆ ಸವರಬೇಕು. ಕೊಬ್ಬರಿ ಎಣ್ಣೆ ಬೇಡ, ಅದು ಜಿಡ್ಡುಗಟ್ಟುತ್ತದೆ. ಮರ ಹಿಡಿಯುವ ಕಡೆ ಎಣ್ಣೆ ಪೂರ್ತಿ ಒರೆಸಿ ತೆಗೆಯಬೇಕು. ಎಣ್ಣೆ ತಾಗಿದ ಮರಕ್ಕೆ ಅರಗು ಹತ್ತೋದಿಲ್ಲ. ಮಗು ಬಾಯಿಗೆ ಇಡುವ ಗಿಲಕಿಗೆ ಆ ಎಣ್ಣೆ ಸೇರಲೂಬಾರದು.

ಓಡಿಸುವಾಗ ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಬಳೆ ತೆಗೆದಿಡಿ. ಕೈಗವಸು ಹಾಕಬೇಡಿ, ತಿರುಗುವ ಮರ ಅದನ್ನು ಎಳೆದುಕೊಳ್ಳುತ್ತದೆ. ಮೊದಲು ಮರವಿಲ್ಲದೆ ಸ್ವಲ್ಪ ಹೊತ್ತು ಬರೀ ಲೇತು ಓಡಲಿ. ಬೇರಿಂಗ್ ಮುಟ್ಟಲಾರದಷ್ಟು ಬಿಸಿಯಾದರೆ ನಿಲ್ಲಿಸಿ ಮತ್ತೆ ನೋಡಿ. ಸರಿ ಇದ್ದರೆ ಒಂದು ಬುಗುರಿ ತಿರುವಿ. ಬುಗುರಿ ಓಲಾಡದೆ ನಿಂತು ಆಡಿದರೆ ಮೊನೆಗಳು ಸರಿಯಾಗಿ ಕೂತಿವೆ ಎಂದೇ ಲೆಕ್ಕ.