ಹಳೆಯ ಫೋರ್‌ರನ್ನರ್ ಟ್ರೇಲರ್ ಎಳೆದುಕೊಂಡು ರಾಕಿ ಬೆಟ್ಟ ದಾಟೀತೇ?

ಪ್ರಶ್ನೆ: ನಾವು ಡೆನ್ವರ್ ಪಕ್ಕದ ಆರೋರಾದಲ್ಲಿದ್ದೇವೆ. ನಮ್ಮದು 2005ರ ಟೊಯೋಟಾ ಫೋರ್‌ರನ್ನರ್, ವಿ-6 ಎಂಜಿನ್, 1,70,000 ಮೈಲಿ ಓಡಿದೆ. ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಒಂದು ಸೆಕೆಂಡ್‌ಹ್ಯಾಂಡ್ ಟ್ರಾವೆಲ್ ಟ್ರೇಲರ್ ಕೊಂಡು, ಅವರನ್ನೂ ಮಗಳನ್ನೂ ಕರೆದುಕೊಂಡು ಯೂಟಾದ ಮೋಆಬ್‌ವರೆಗೆ ಹೋಗಿಬರುವ ಆಸೆ. ನೋಡಿಟ್ಟಿರುವ ಟ್ರೇಲರಿನ ಖಾಲಿ ತೂಕ 3,900 ಪೌಂಡ್. ಗಾಡಿ 5,000 ಪೌಂಡ್ ಎಳೆಯಬಲ್ಲದು ಎಂದು ಕೈಪಿಡಿಯಲ್ಲಿದೆ. ಹೊರಡುವ ಮುಂಚೆ ಏನೇನು ಮಾಡಿಸಬೇಕು?

ಉತ್ತರ: ಮೊದಲು ಮಾಡಬೇಕಾದದ್ದು ಆ ಟ್ರೇಲರನ್ನು ಬಿಡುವುದು. ಗಾಡಿಯನ್ನು ಬಿಡಬೇಕಿಲ್ಲ, ಪ್ರವಾಸವನ್ನೂ ಬಿಡಬೇಕಿಲ್ಲ.

5,000 ಪೌಂಡ್ ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿ ಹೊರಡುವಂತಿಲ್ಲ. ಖಾಲಿ ತೂಕ 3,900 ಎಂದರೆ ಅದರಲ್ಲಿ ನೀರಿಲ್ಲ, ಗ್ಯಾಸ್ ಇಲ್ಲ, ಹಾಸಿಗೆ ಪಾತ್ರೆ ಅಕ್ಕಿ ಯಾವುದೂ ಇಲ್ಲ. ನಲವತ್ತು ಗ್ಯಾಲನ್ ನೀರಿನ ಟ್ಯಾಂಕ್ ತುಂಬಿಸಿದರೆ ಅದೊಂದೇ 330 ಪೌಂಡ್. ಎರಡು ಸಿಲಿಂಡರ್, ಬ್ಯಾಟರಿ, ಸಾಮಾನು ಎಲ್ಲ ಸೇರಿ 4,900ಕ್ಕೆ ಬಂದು ನಿಲ್ಲುತ್ತದೆ. ಅದರ ನೂರಕ್ಕೆ ಹತ್ತರಿಂದ ಹದಿನೈದು ಪಾಲು ತೂಕ ಟ್ರೇಲರಿನ ಮೂಗಿನ ಮೂಲಕ ನಿಮ್ಮ ಹಿಚ್ಚಿನ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಹಿಂದೆ ಓಲಾಡತೊಡಗುತ್ತದೆ, ಆ ಓಲಾಟ ಒಮ್ಮೆ ಶುರುವಾದರೆ ಗಾಡಿಯನ್ನೇ ತಿರುಗಿಸಿ ಹಾಕಬಲ್ಲದು. ಅಂದರೆ ಹಿಚ್ಚಿನ ಮೇಲೆ ಸುಮಾರು 600 ಪೌಂಡ್. ಅದು ಎಳೆಯುವ ತೂಕವಲ್ಲ, ನಿಮ್ಮ ಗಾಡಿ ಹೊರುವ ತೂಕ. ನೀವು ಐವರು ಸೇರಿ 700 ಪೌಂಡ್ ಆದೀರಿ. ಒಟ್ಟು 1,300. ಚಾಲಕರ ಬಾಗಿಲಿನ ಕಂಬದಲ್ಲಿ ಗಾಡಿಯ ಗರಿಷ್ಠ ಒಟ್ಟು ತೂಕದ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದು ನೋಡಿ. ಒಂದು ಚೀಲವನ್ನೂ ಒಳಗಿಡುವ ಮೊದಲೇ ಹೊರೆ ಮುಗಿದಿರುತ್ತದೆ.

ಇನ್ನೊಂದು ವಿಷಯ. ಇಂದು ಟ್ರೇಲರ್ ಎಳೆಯುವ ಮಿತಿಯನ್ನು ಗೊತ್ತುಮಾಡಲು ಜೆ2807 ಎಂಬ ಒಂದೇ ಮಾನದಂಡವಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರು, ಸುಡು ಬಿಸಿಲು, ಎ.ಸಿ. ಪೂರ್ತಿ ಚಾಲೂ, ಅದರಲ್ಲಿ ಗಾಡಿ ನಿಗದಿತ ವೇಗ ಉಳಿಸಿಕೊಂಡು ಹತ್ತಬೇಕು. ಟೊಯೋಟಾ ಇದನ್ನು ಮೊದಲಿಗನಾಗಿ ಒಪ್ಪಿಕೊಂಡದ್ದು 2011ರ ಮಾದರಿಗಳಿಂದ. ನಿಮ್ಮ 2005ರ ಗಾಡಿಯ ಸಂಖ್ಯೆ ಅದಕ್ಕೂ ಮುಂಚಿನದು, ಹೊಸ ಗಾಡಿಗಳ ಸಂಖ್ಯೆಯೊಂದಿಗೆ ಅದನ್ನು ಹೋಲಿಸಬೇಡಿ. ತುಂಬಿಸಿದ ಮೇಲೂ 3,500 ಪೌಂಡ್ ಮೀರದ, ತಗ್ಗು ಮಾಡಿನ ಸಣ್ಣ ಟ್ರೇಲರ್ ಹುಡುಕಿ. ಅಪ್ಪ ಅಮ್ಮನಿಗೆ ಅದರಲ್ಲಿ ಮಂಚ ಸಾಕು. ನೀವು ಮೂವರು ಪಕ್ಕದಲ್ಲಿ ಟೆಂಟ್ ಹಾಕಿಕೊಳ್ಳಿ.

ಈಗ ದಾರಿಯ ಮಾತು. ಡೆನ್ವರ್ 5,280 ಅಡಿ ಎತ್ತರದಲ್ಲಿದೆ. ಐ-70ರಲ್ಲಿ ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗದ ಪಶ್ಚಿಮ ಬಾಯಿ 11,158 ಅಡಿ. ಅಲ್ಲಿಂದ ಇಳಿದು ಮತ್ತೆ ಹತ್ತಿದರೆ ವೇಲ್ ಪಾಸ್, 10,662 ಅಡಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ 245 ಅಶ್ವಶಕ್ತಿಯಲ್ಲಿ ಸುರಂಗದ ಬಳಿ ಮೂರನೇ ಎರಡು ಪಾಲು ಉಳಿದರೆ ಹೆಚ್ಚು. ಆದರೂ ಶಕ್ತಿಯ ಬಗ್ಗೆ ಚಿಂತೆ ಬೇಡ. ಶಕ್ತಿ ಸಾಲದಿದ್ದರೆ ಬಲಗಡೆಯ ಲೇನಿನಲ್ಲಿ, ಲಾರಿಗಳ ಹಿಂದೆ, ಗಂಟೆಗೆ 40 ಮೈಲಿಯಲ್ಲಿ ಹತ್ತಿದರಾಯಿತು. ಹಳೆಯ ಗಾಡಿಯನ್ನು ಬೆಟ್ಟದಲ್ಲಿ ಕೆಡಿಸುವುದು ಬಿಸಿ. ಹಣ ಖರ್ಚು ಮಾಡುವುದಾದರೆ ಅದರ ಮೇಲೆ ಮಾಡಿ.

ಸುರಂಗದ ಎತ್ತರದಲ್ಲಿ ನೀರು ಸುಮಾರು 89 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಂಜಿನ್ ಅದಕ್ಕಿಂತ ಬಿಸಿಯಾಗಿಯೇ ಕೆಲಸ ಮಾಡುತ್ತದೆ. ಒಳಗಿನ ಕೂಲಂಟ್ ಕುದಿಯದೆ ಉಳಿಯುವುದು ರೇಡಿಯೇಟರ್ ಮುಚ್ಚಳ ಒತ್ತಡವನ್ನು ಹಿಡಿದಿಟ್ಟಿರುವುದರಿಂದ. ಇಪ್ಪತ್ತು ವರ್ಷದ ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ ಊರೊಳಗೆ ಏನೂ ತಿಳಿಯುವುದಿಲ್ಲ, ಬೆಟ್ಟದಲ್ಲಿ ತಿಳಿಯುತ್ತದೆ. ಬೆಲೆ ತೀರಾ ಕಡಿಮೆ, ಮೊದಲು ಅದನ್ನು ಬದಲಿಸಿ. ಜೊತೆಗೆ ಹೋಸುಗಳು, ಥರ್ಮೊಸ್ಟಾಟ್, ಬೆಲ್ಟ್, ವಾಟರ್ ಪಂಪ್. ಫ್ಯಾನ್ ಕ್ಲಚ್ಚನ್ನು ಹೆಚ್ಚಿನ ಮೆಕ್ಯಾನಿಕ್‌ಗಳು ನೋಡದೆ ಬಿಡುತ್ತಾರೆ. ಅದರೊಳಗಿನ ಸಿಲಿಕೋನ್ ಎಣ್ಣೆ ವರ್ಷಗಳಲ್ಲಿ ಸೋರಿಹೋಗಿದ್ದರೆ ಫ್ಯಾನ್ ಸುತ್ತುತ್ತಿರುತ್ತದೆ, ಗಾಳಿ ಮಾತ್ರ ಸಾಲದು. ಬಿಸಿ ಎಂಜಿನ್ ಆರಿಸಿದ ತಕ್ಷಣ ಫ್ಯಾನ್ ರೆಕ್ಕೆಯನ್ನು ಕೈಯಿಂದ ತಳ್ಳಿದರೆ ಗಟ್ಟಿಯಾಗಿ ತಡೆಯಬೇಕು. ಸರಾಗವಾಗಿ ಸುತ್ತಿದರೆ ಹೊಸದು ಹಾಕಿಸಿ.

ರೇಡಿಯೇಟರನ್ನೇ ಬದಲಿಸಿ ಎನ್ನುವುದು ನನ್ನ ಗಟ್ಟಿ ಸಲಹೆ. ಕಾರಣ ಎಂಜಿನ್ ಅಲ್ಲ, ಗೇರ್‌ಬಾಕ್ಸ್. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ತಣಿಯುವ ಕೊಳವೆ ರೇಡಿಯೇಟರಿನ ಹೊಟ್ಟೆಯೊಳಗೇ ಇರುತ್ತದೆ. ಹಳೆಯ ರೇಡಿಯೇಟರಿನಲ್ಲಿ ಆ ಗೋಡೆ ತುಕ್ಕು ಹಿಡಿದು ಒಡೆದರೆ ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗಿ ಎರಡೂ ಕಲೆತು ರೋಸ್ ಮಿಲ್ಕಿನಂತಾಗುತ್ತವೆ. ಆಮೇಲೆ ಗೇರ್‌ಬಾಕ್ಸ್ ಉಳಿಯುವುದು ಕಷ್ಟ. ಹೊಸ ರೇಡಿಯೇಟರ್ ಹಾಕಿಸುವಾಗಲೇ ಅದರ ಮುಂದೆ ಪ್ರತ್ಯೇಕ ಎಣ್ಣೆ ಕೂಲರ್ ಕೂರಿಸಿ, ಎಣ್ಣೆಯ ಉಷ್ಣತೆ ತೋರಿಸುವ ಗೇಜ್ ಹಾಕಿಸಿಕೊಳ್ಳಿ. 95 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ, 120 ದಾಟಿದರೆ ನಿಲ್ಲಿಸಿ. ಕಂಪನಿಗಳು ಈ ಎಣ್ಣೆ ಜೀವಮಾನಕ್ಕೆ ಸಾಕು ಎನ್ನುವುದುಂಟು. ಭಾರ ಎಳೆಯುವವರು ಆ ಮಾತು ಕೇಳಬಾರದು. ಹೊರಡುವ ಮುನ್ನ ಬದಲಿಸಿ, ಡಿಫರೆನ್ಷಿಯಲ್ ಎಣ್ಣೆಯನ್ನೂ. ಓಡಿಸುವಾಗ ಗೇರ್ ಲಿವರನ್ನು 4ರಲ್ಲಿಡಿ. ಐದನೇ ಗೇರಿಗೆ ಹೋಗುತ್ತ ಬರುತ್ತ ಇರುವಾಗ ಟಾರ್ಕ್ ಕನ್ವರ್ಟರ್ ಲಾಕ್ ಬಿಟ್ಟು ಜಾರುತ್ತದೆ, ಎಣ್ಣೆ ಕಾಯುವುದು ಆ ಜಾರುವಿಕೆಯಲ್ಲೇ.

ಹತ್ತುವುದಕ್ಕಿಂತ ಇಳಿಯುವುದು ಅಪಾಯ. ಸುರಂಗದಿಂದ ಸಿಲ್ವರ್‌ಥಾರ್ನ್‌ವರೆಗೆ ಸುಮಾರು ಎಂಟು ಮೈಲಿಯಲ್ಲಿ 2,300 ಅಡಿಗೂ ಹೆಚ್ಚು ಇಳಿತ, ಕಡಿದಾದ ಕಡೆ ನೂರಕ್ಕೆ ಏಳರ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿಯ ದಾರಿಗಳನ್ನು ಸುಮ್ಮನೆ ಮಾಡಿಟ್ಟಿಲ್ಲ. ನೀವು ಮೊದಲು ಎಣಿಸಿದ್ದ ಟ್ರೇಲರಿನೊಂದಿಗೆ ಗಾಡಿಯ ಒಟ್ಟು ತೂಕ ಸುಮಾರು 4,500 ಕೆ.ಜಿ. ಆಗುತ್ತಿತ್ತು. ಅಷ್ಟು ತೂಕ ಅಲ್ಲಿ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 90 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಸ್ವಲ್ಪ ಪಾಲು ಗಾಳಿ ನುಂಗುತ್ತದೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ಸುಡಬೇಕು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಸ್ಸು ಓಡಿಸುವವರು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ. ಆಟೊಮ್ಯಾಟಿಕ್ ಗಾಡಿಯ ರೂಢಿಯಲ್ಲಿ ನಾವು ಅದನ್ನು ಮರೆತಿದ್ದೇವೆ. ಸುರಂಗದೊಳಗೇ ವೇಗ ಇಳಿಸಿ, 3ಕ್ಕೋ 2ಕ್ಕೋ ಹಾಕಿ, ಎಂಜಿನ್ ಗಟ್ಟಿಯಾಗಿ ಕೂಗಿದರೂ ಹೆದರಬೇಡಿ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ಬಲವಾಗಿ ಒಮ್ಮೆ ಒತ್ತಿ ವೇಗ ತಗ್ಗಿಸಿ ಪೂರ್ತಿ ಬಿಡಿ.

ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್-3 ಎಣ್ಣೆ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ಗೆ, ತೇವ ಹೀರಿದ್ದು 140ಕ್ಕೇ. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಪೂರ್ತಿ ಹೊಸ ಎಣ್ಣೆ, ಹೊಸ ಪ್ಯಾಡ್. ಟ್ರೇಲರಿಗೆ ಅದರದೇ ವಿದ್ಯುತ್ ಬ್ರೇಕ್ ಇರಲೇಬೇಕು, ಗಾಡಿಯೊಳಗೆ ಬ್ರೇಕ್ ಕಂಟ್ರೋಲರ್ ಇರಬೇಕು, ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಸ್ವಿಚ್ ಕೆಲಸ ಮಾಡಬೇಕು. ಭಾರ ಹಂಚುವ ಹಿಚ್, ಓಲಾಟ ತಡೆಯುವ ಪಟ್ಟಿ, ಅಡ್ಡಡ್ಡ ಕಟ್ಟಿದ ಎರಡು ಸರಪಳಿ ಇವುಗಳಿಗೆ ರಿಯಾಯಿತಿ ಇಲ್ಲ.

ಸೆಕೆಂಡ್‌ಹ್ಯಾಂಡ್ ಟ್ರೇಲರಿನ ಟೈರ್ ಹೊಳೆಯುತ್ತಿದ್ದರೂ ನಂಬಬೇಡಿ. ಪಕ್ಕದ ಗೋಡೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಬದಲಿಸಿ, ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿಸಿ.

ಎಲ್ಲ ಮುಗಿದ ಮೇಲೆ ನೀರು, ಸಾಮಾನು, ಅಪ್ಪ ಅಮ್ಮ ಎಲ್ಲರೊಂದಿಗೆ ಲಾರಿಗಳು ತಂಗುವ ಪೆಟ್ರೋಲ್ ಬಂಕಿನ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ ಚೀಟಿ ಪಡೆಯಿರಿ. ಪ್ರತಿ ಆಕ್ಸಲಿನ ತೂಕ ಅದರಲ್ಲಿ ಬೇರೆ ಬೇರೆಯಾಗಿ ಬರುತ್ತದೆ. ಬಾಗಿಲ ಚೀಟಿಯ ಮಿತಿಯೊಳಗಿದ್ದರೆ ನಿಶ್ಚಿಂತೆಯಿಂದ ಹೊರಡಿ. ಮೀರಿದ್ದರೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಮೋಆಬಿನಲ್ಲಿ ತುಂಬಿಸಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಿಬನ್ನಿ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಮಾರಿಸನ್ ಮತ್ತು ಡಾಟ್‌ಸೆರೊ ನಡುವಿನ ಐ-70ಕ್ಕೆ ಹಿಮಗಾಲದ ಟೈರ್ ನಿಯಮ ಅನ್ವಯಿಸುತ್ತದೆ, ಮೊದಲ ಸಲ ಟ್ರೇಲರ್ ಎಳೆಯುವವರಿಗೆ ಅದು ಕಾಲವಲ್ಲ.