ಸಾಕು ಎನ್ನುವ ಮನಸ್ಸು

ಓದು: ಲೂಕ 12:13–21, ಫಿಲಿಪ್ಪಿ 4:10–20

ಬೆಟ್ಟ ಹತ್ತುವ ಯಾತ್ರಿಕರು ಹೆಗಲ ಮೇಲಿನ ಗಂಟನ್ನು ಆದಷ್ಟು ಹಗುರ ಮಾಡಿಕೊಳ್ಳುತ್ತಾರೆ. ಅರ್ಧ ದಾರಿ ಏರುವಷ್ಟರಲ್ಲಿ ಯಾವುದು ಬೇಕಿತ್ತು, ಯಾವುದು ಬೇಡವಾಗಿತ್ತು ಅನ್ನೋದು ತಾನಾಗಿಯೇ ತಿಳಿಯುತ್ತದೆ. ಬಾಳಿನ ದಾರಿಯಲ್ಲಿ ಮಾತ್ರ ಈ ಲೆಕ್ಕ ಅಷ್ಟು ಬೇಗ ಹತ್ತುವುದಿಲ್ಲ.

1. ತುಂಬಿದ ಕಣಜ

ಒಬ್ಬಾತ ಯೇಸುಸ್ವಾಮಿಯ ಬಳಿ ಬಂದು, ತನ್ನ ಸಹೋದರನಿಂದ ಆಸ್ತಿಯ ಪಾಲು ಕೊಡಿಸಬೇಕೆಂದು ಕೇಳಿದ. ಸ್ವಾಮಿ ಪಂಚಾಯ್ತಿ ಮಾಡಲಿಲ್ಲ. ಒಂದು ಸಾಮತಿ ಹೇಳಿದರು. ಸಿರಿವಂತನೊಬ್ಬನ ಹೊಲ ಭರ್ಜರಿಯಾಗಿ ಬೆಳೆಯಿತು. ಹಳೆ ಕಣಜ ಕೆಡವಿ ದೊಡ್ಡದು ಕಟ್ಟಿಸುವ ಯೋಚನೆ ಮಾಡಿದ. ಆ ರಾತ್ರಿಯೇ ಅವನಿಗೆ ಕರೆ ಬಂತು. ಅವನ ಮಾತನ್ನು ಗಮನಿಸಿ ಓದಬೇಕು. ಬರೀ ‘ನನ್ನ ಬೆಳೆ, ನನ್ನ ಕಣಜ.’ ಅದರಲ್ಲಿ ನೆರೆಯವರಿಲ್ಲ, ಕೂಲಿಯವರಿಲ್ಲ, ಮಳೆ ಕೊಟ್ಟ ದೇವರೂ ಇಲ್ಲ.

2. ಕೂಡಿಡುವುದು ಪಾಪವೇ?

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ರೈತರಿಗೆ ಈ ಕಥೆ ದೂರದ್ದಲ್ಲ. ಅಲ್ಲಿಯದು ಮಳೆ ಕಡಿಮೆಯ ನೆಲ, ಆದರೂ ದ್ರಾಕ್ಷಿಯ ನಾಡು. ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುತ್ತಾರೆ. ಒಳ್ಳೆ ರೇಟು ಬರಲಿ ಎಂದು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಇದು ಪಾಪವಲ್ಲ, ಜಾಣತನ. ಬರಗಾಲದಲ್ಲಿ ಸಾಲ ಮಾಡಿ, ಟ್ಯಾಂಕರ್ ನೀರು ತಂದು ಬಳ್ಳಿ ಉಳಿಸಿಕೊಂಡವನಿಗೆ “ಇದ್ದುದರಲ್ಲಿ ತೃಪ್ತಿಯಾಗಿರಪ್ಪಾ” ಎಂದು ಬುದ್ಧಿ ಹೇಳುವುದು ಶುಭಸಂದೇಶವೂ ಅಲ್ಲ. ಸ್ವಾಮಿ ಬೈದದ್ದು ಇಲ್ಲದವನನ್ನಲ್ಲ. ಉಂಡು ಮಿಕ್ಕಿದ್ದರೂ ಕೈ ಬಿಚ್ಚದವನನ್ನು. ಅವರು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಕೇಳುವುದು ‘ನನಗೆ’ ಎಂದಲ್ಲ, ‘ನಮಗೆ’ ಎಂದು.

3. ಜೇಬಿಲ್ಲದ ಅಂಗಿ

ಇದೇ ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದವರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅವರು ಕ್ರೈಸ್ತರಲ್ಲ; ಆದರೂ ಒಳ್ಳೆಯದು ಎಲ್ಲಿ ಕಂಡರೂ ಅದು ದೇವರದೇ. ಅವರು ತೊಡುತ್ತಿದ್ದ ಬಿಳಿ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ, ಸನ್ಯಾಸಿಗೆ ಇದು ಬೇಡವೆಂದು ವಿನಯದಿಂದ ಪತ್ರ ಬರೆದರು. ತಮ್ಮ ದೇಹವನ್ನು ಅಗ್ನಿಗೆ ಒಪ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ತೀರಿಕೊಂಡಾಗ ಕೊನೆಯ ದರ್ಶನಕ್ಕೆ ಲಕ್ಷಾಂತರ ಜನ ಸೇರಿದರು.

ಅದೇ ಊರಿನಲ್ಲಿ ಬಾರಾ ಕಮಾನ್ ಇದೆ. 1672ರಲ್ಲಿ ತೀರಿಕೊಂಡ ದೊರೆ ಎರಡನೇ ಅಲಿ ಆದಿಲ್ ಶಾಹನ ಭವ್ಯ ಗೋರಿಯಾಗಬೇಕಿತ್ತು. ಕೆಲಸ ಮುಗಿಯಲಿಲ್ಲ, ಕಮಾನುಗಳಷ್ಟೇ ನಿಂತಿವೆ. ದೊರೆಗೂ ‘ಇಷ್ಟು ಸಾಕು’ ಎನ್ನುವ ದಿನ ಬರಲಿಲ್ಲ.

ಸಂಸಾರಸ್ಥರಿಗೆ ಜೇಬು ಬೇಕು. ಮಕ್ಕಳ ಫೀಜು, ಔಷಧಿ, ಮನೆ ಬಾಡಿಗೆ ಇರುತ್ತವೆ. ಜೇಬು ಇರಲಿ, ಮನಸ್ಸು ಜೇಬಿನೊಳಗೆ ಇರಬಾರದು ಅಷ್ಟೇ.

4. ತೃಪ್ತಿ ಕಲಿಯುವ ವಿದ್ಯೆ

ಸಂತ ಪೌಲರು ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತರಾಗಿರುವುದನ್ನು ತಾವು ಕಲಿತಿರುವುದಾಗಿ ಅವರು ಹೇಳುತ್ತಾರೆ. ಅಂದರೆ ತೃಪ್ತಿ ಹುಟ್ಟುಗುಣವಲ್ಲ, ದಿನಾ ಕಲಿಯುವಂಥದು. ಅದರ ಬಲ ಕ್ರಿಸ್ತರಿಂದ ಬರುತ್ತದೆ. ಅದೇ ಪತ್ರದಲ್ಲಿ ಅವರು, ಎಪಫ್ರೋದಿತನ ಕೈಯಲ್ಲಿ ಬಂದ ನೆರವಿಗಾಗಿ ಸಂತೋಷದಿಂದ ಕೃತಜ್ಞತೆ ತಿಳಿಸುತ್ತಾರೆ. ತೃಪ್ತನಾದವನು ಕೊಡಲೂ ನಾಚುವುದಿಲ್ಲ, ತೆಗೆದುಕೊಳ್ಳಲೂ ನಾಚುವುದಿಲ್ಲ.

ಧ್ಯಾನಕ್ಕೆ

* ಮನೆಯಲ್ಲಿ ವರ್ಷದಿಂದ ಮುಟ್ಟದೇ ಇಟ್ಟಿರುವ ವಸ್ತು ಯಾವುದು? ಅದು ಯಾರಿಗೆ ಬೇಕಾಗಿದೆ?
* ಆಸ್ತಿಯ ವಿಷಯಕ್ಕೆ ಮಾತು ಬಿಟ್ಟ ಅಣ್ಣ, ತಮ್ಮ, ಅಕ್ಕ, ತಂಗಿ ಇದ್ದಾರೆಯೇ? ಬೆಟ್ಟ ಇಳಿದ ಮೇಲೆ ಅವರ ಮನೆಗೆ ಹೋಗಬಹುದೇ?

ಪ್ರಾರ್ಥನೆ

ಪ್ರಭುವೇ, ಇಂದಿನ ಅನ್ನಕ್ಕಾಗಿ ನಿಮಗೆ ವಂದನೆ. ಇಲ್ಲದವರಿಗೆ ಕೊಡಿ, ಇದ್ದವರ ಕೈ ಬಿಚ್ಚಿಸಿ. ಸಾಕು ಎನ್ನುವುದನ್ನು ನಮಗೆ ಕಲಿಸಿ. ಆಮೆನ್.