ಅಪರೂಪದ ಕೃತಿಯನ್ನು ಅಭಿಮಾನಿ ಬರಹಗಾರರಿಗೆ ದಾಟಿಸುವ ಬಗೆ

ಈಗಾಗಲೇ ಇರುವ ಕಾದಂಬರಿ, ಸಿನಿಮಾ ಅಥವಾ ಧಾರಾವಾಹಿಯ ಪಾತ್ರಗಳನ್ನೂ ಲೋಕವನ್ನೂ ಎತ್ತಿಕೊಂಡು ಅದನ್ನು ಮೆಚ್ಚಿದವರೇ ಬರೆಯುವ ಹೊಸ ಕಥೆಗೆ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿ ಕಥೆ, ಎಂದು ಹೆಸರು. ಬರೆಯುವವರ ಮಾತಿನಲ್ಲಿ ಮೂಲಕೃತಿ ‘ಕ್ಯಾನನ್’, ಅದನ್ನು ಹಚ್ಚಿಕೊಂಡವರ ಬಳಗ ‘ಫ್ಯಾಂಡಮ್’. ಹ್ಯಾರಿ ಪಾಟರ್, ಷರ್ಲಾಕ್ ಹೋಮ್ಸ್ ಮುಂತಾದವುಗಳ ಬಳಗ ಜಾತ್ರೆಯಷ್ಟು ದೊಡ್ಡದು. ಅದರ ಇನ್ನೊಂದು ತುದಿಯಲ್ಲಿ ನಾಲ್ಕೈದು ಜನರ ಬಳಗಗಳಿವೆ. ಒಬ್ಬರೇ ಇರುವ ಬಳಗಗಳೂ ಇವೆ. ಇವಕ್ಕೆ ಅಪರೂಪದ ಫ್ಯಾಂಡಮ್ ಎನ್ನುತ್ತಾರೆ.

ಅಪರೂಪದ ಫ್ಯಾಂಡಮ್‌ಗೆ ಒಂದು ತೊಡಕು ಹುಟ್ಟಿನಿಂದಲೇ ಅಂಟಿಕೊಂಡಿದೆ. ಅಭಿಮಾನಿ ಕಥೆ ಮೂಲವನ್ನು ಬಲ್ಲವರಿಗಾಗಿ ಬರೆದದ್ದು. ಮೂಲವನ್ನೇ ಯಾರೂ ಓದಿರದಿದ್ದರೆ ಕಥೆಗೆ ಓದುಗರೂ ಇಲ್ಲ, ಜೊತೆಗೆ ಬರೆಯುವವರೂ ಇಲ್ಲ. ಹಾಗಾಗಿ ಅಪರೂಪದ ಕೃತಿಯನ್ನು ಮೆಚ್ಚಿದವರ ಮೊದಲ ಕೆಲಸ ಆ ಮೆಚ್ಚುಗೆಯನ್ನು ಇನ್ನೊಬ್ಬ ಬರಹಗಾರರಿಗೆ ದಾಟಿಸುವುದು. ಈ ಲೇಖಕಿ ಹಲವು ವರ್ಷ ಈ ಕೆಲಸ ಮಾಡಿದ್ದಾಳೆ, ಹೆಚ್ಚು ಸಲ ಸೋತಿದ್ದಾಳೆ. ಮುಂದೆ ಹೇಳಿರುವುದು ಆ ಸೋಲುಗಳಿಂದ ಕಲಿತದ್ದು.

ಯೂಲ್‌ಟೈಡ್

ಅಪರೂಪದ ಕೃತಿಗಳ ಅಭಿಮಾನಿಗಳಿಗೆ ಇರುವ ಬಲವಾದ ಆಸರೆಗಳಲ್ಲಿ ಯೂಲ್‌ಟೈಡ್ ಮುಖ್ಯವಾದುದು. 2003ರಲ್ಲಿ ಶುರುವಾದ ಇದು ಪ್ರತಿವರ್ಷ ಕ್ರಿಸ್‌ಮಸ್ ಹೊತ್ತಿಗೆ ನಡೆಯುವ ಕಥೆಗಳ ಉಡುಗೊರೆ ವಿನಿಮಯ. ಈಗಾಗಲೇ ಬಹಳ ಕಥೆಗಳು ಬಂದಿರುವ ಫ್ಯಾಂಡಮ್‌ಗಳಿಗೆ ಇಲ್ಲಿ ಪ್ರವೇಶವಿಲ್ಲ. ಸೇರುವವರು ತಮಗೆ ಯಾವ ಕೃತಿಗಳ ಕಥೆ ಬೇಕು, ತಾವು ಯಾವ ಕೃತಿಗಳಿಗೆ ಬರೆಯಬಲ್ಲರು ಎಂದು ಎರಡು ಪಟ್ಟಿ ಕೊಡಬೇಕು. ಒಬ್ಬರ ಬೇಡಿಕೆ ಇನ್ನೊಬ್ಬರ ಪಟ್ಟಿಗೆ ಹೊಂದಿದರೆ ಜೋಡಿ ಕೂಡುತ್ತದೆ. ಕಥೆ ಕನಿಷ್ಠ 1000 ಪದದ್ದಾಗಿರಬೇಕು. ಕಥೆಗಳು ಡಿಸೆಂಬರ್ 25ರಂದು ಹೊರಬರುತ್ತವೆ. ಬರೆದವರು ಯಾರೆಂಬುದು ಜನವರಿ 1ರವರೆಗೆ ಗುಟ್ಟು. ಈ ಕಥೆಗಳೆಲ್ಲ 2009ರಿಂದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಸಂಗ್ರಹದಲ್ಲಿ ಸೇರುತ್ತಿವೆ. 2007ರಲ್ಲಿ ಅಭಿಮಾನಿಗಳೇ ಕಟ್ಟಿದ ಲಾಭರಹಿತ ಸಂಸ್ಥೆಯೊಂದು ಅದನ್ನು ನಡೆಸುತ್ತದೆ, 2019ರಲ್ಲಿ ಆ ಸಂಗ್ರಹಕ್ಕೆ ವೈಜ್ಞಾನಿಕ ಕಥೆ, ಫ್ಯಾಂಟಸಿ ಲೋಕದ ಹ್ಯೂಗೊ ಪ್ರಶಸ್ತಿಯೂ ಬಂತು.

ಈ ಏರ್ಪಾಡಿನ ಲೆಕ್ಕ ಸರಳ. ತಾನು ಬೇಡಿದ ಕೃತಿಯನ್ನು ಇನ್ನೊಬ್ಬರಾದರೂ ಓದಿ ‘ಬರೆಯಬಲ್ಲೆ’ ಎನ್ನದಿದ್ದರೆ ಅದರ ಕಥೆ ಹುಟ್ಟುವುದಿಲ್ಲ. ಅದಕ್ಕೇ ಹೆಸರು ನೋಂದಾಯಿಸುವ ಮುನ್ನ, ಮಳೆಗಾಲ ಮುಗಿಯುತ್ತಿದ್ದಂತೆಯೇ, ಅಭಿಮಾನಿಗಳು ತಮ್ಮ ತಮ್ಮ ಕೃತಿಗಳ ಪರವಾಗಿ ಮಾತಾಡತೊಡಗುತ್ತಾರೆ. ಆ ಮಾತು ಹೇಗಿರಬೇಕು ಎಂಬುದೇ ಇಲ್ಲಿನ ವಿಷಯ.

ಒಂದು ಕೃತಿ

ಉದಾಹರಣೆಗೆ ಇಂಗ್ಲಿಷ್ ಲೇಖಕಿ ಹೋಪ್ ಮಿರ್ಲೀಸ್ ಬರೆದ ‘ಲಡ್-ಇನ್-ದ-ಮಿಸ್ಟ್’ ಕಾದಂಬರಿಯನ್ನು ತೆಗೆದುಕೊಳ್ಳಬಹುದು. ಅದು ಬಂದದ್ದು 1926ರಲ್ಲಿ, ಅವರ ಮೂರನೆಯ ಮತ್ತು ಕೊನೆಯ ಕಾದಂಬರಿಯಾಗಿ. ಆಮೇಲೆ ದಶಕಗಳ ಕಾಲ ಅದು ಹೆಚ್ಚುಕಡಿಮೆ ಮರೆತೇಹೋಗಿತ್ತು. 1970ರಲ್ಲಿ ಲಿನ್ ಕಾರ್ಟರ್ ಸಂಪಾದಿಸುತ್ತಿದ್ದ ಅಮೆರಿಕದ ಫ್ಯಾಂಟಸಿ ಮಾಲೆಯೊಂದು ಅದನ್ನು ಮತ್ತೆ ಅಚ್ಚು ಹಾಕಿತು. ಲೇಖಕಿಯ ಅನುಮತಿಯಿಲ್ಲದೆ ಹಾಗೆ ಮಾಡಿದಾಗ ಅವರಿನ್ನೂ ಬದುಕಿದ್ದರು, ತೀರಿಕೊಂಡದ್ದು 1978ರಲ್ಲಿ.

ಕಥೆ ನಡೆಯುವುದು ಡೋರಿಮೇರ್ ಎಂಬ ನಾಡಿನ ಒಂದು ವ್ಯಾಪಾರಿ ಪಟ್ಟಣದಲ್ಲಿ. ಎರಡು ನದಿಗಳು ಕೂಡುವಲ್ಲಿ ಆ ಊರಿದೆ. ಅವುಗಳಲ್ಲಿ ಒಂದು ಬೆಟ್ಟಗಳಾಚೆಯ ಯಕ್ಷಲೋಕದಿಂದ ಹರಿದುಬರುತ್ತದೆ. ಅಲ್ಲಿಂದ ಕಳ್ಳತನದಲ್ಲಿ ಬರುವ ಹಣ್ಣನ್ನು ತಿಂದವರ ಮನಸ್ಸು ಕದಡಿಹೋಗುತ್ತದೆ. ಊರಿನ ಗಣ್ಯರಿಗೆ ಆ ಹಣ್ಣಿನ ಹೆಸರೆತ್ತುವುದೂ ಅಸಹ್ಯ. ಆದ್ದರಿಂದ ಅವರ ಕಾನೂನು ಅದನ್ನು ಹಣ್ಣೆಂದು ಕರೆಯದೆ ರೇಷ್ಮೆಯೆಂದು ಕರೆಯುತ್ತದೆ. ಊರಿನ ಮೇಯರ್ ನಥಾನಿಯಲ್ ಚಾಂಟಿಕ್ಲಿಯರನ ಮಗನೇ ಆ ಹಣ್ಣು ತಿಂದನೆಂದು ಗೊತ್ತಾದಾಗ ಕಥೆ ಬಿಗಿಯಾಗುತ್ತದೆ.

ಹೊಗಳಿಕೆ ಮತ್ತು ಸಾರಾಂಶ

ಮೆಚ್ಚಿದವರ ಬಾಯಿಗೆ ಮೊದಲು ಬರುವುದು ಹೊಗಳಿಕೆ. ಕಾದಂಬರಿ ಅದ್ಭುತ, ಭಾಷೆ ಸುಂದರ, ಓದಲೇಬೇಕು. ಈ ಲೇಖಕಿ ಮೊದಲ ವರ್ಷ ಆರು ಜನ ಗೆಳತಿಯರಿಗೆ ಹೇಳಿದ್ದು ಇಷ್ಟೇ. ಆರು ಜನರೂ ‘ಓದುತ್ತೇನೆ’ ಎಂದರು, ಒಬ್ಬರೂ ಓದಲಿಲ್ಲ. ಹೊಗಳಿಕೆಯಿಂದ ಕೇಳುವವರಿಗೆ ತಿಳಿಯುವುದು ಹೇಳುವವರ ಸಂತೋಷ ಮಾತ್ರ. ಕೃತಿಯ ರುಚಿ ಅದರಿಂದ ಸಿಗುವುದಿಲ್ಲ. ಅದರ ಮೇಲೆ ‘ಓದಲೇಬೇಕು’ ಎಂಬ ಮಾತು ಸೇರಿದರೆ ಪುಸ್ತಕ ತೀರಿಸಬೇಕಾದ ಸಾಲವಾಗುತ್ತದೆ.

ಎರಡನೆಯ ವರ್ಷ ಹೊಗಳಿಕೆ ಬಿಟ್ಟು ಸಾರಾಂಶ ಬರೆದದ್ದಾಯಿತು. ಮೊದಲ ಅಧ್ಯಾಯದಿಂದ ಕೊನೆಯವರೆಗೆ, ಪಾತ್ರಗಳ ಪಟ್ಟಿಯೊಂದಿಗೆ, ನಾಲ್ಕು ಪುಟ. ಅದನ್ನು ಓದಿದವರು ‘ಕಥೆ ಗೊತ್ತಾಯಿತಲ್ಲ’ ಎಂದು ಸುಮ್ಮನಾದರು. ಸಾರಾಂಶ ಕಥೆಯನ್ನು ಮುಗಿಸಿ ಕೊಡುತ್ತದೆ. ಬರಹಗಾರರಿಗೆ ಬೇಕಾದದ್ದು ಮುಗಿಯದೆ ಉಳಿದ ಭಾಗ.

ಇಲ್ಲಿ ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯ ರೂಢಿ ಕಣ್ಣು ತೆರೆಸುವಂಥದ್ದು. ಅದರಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಪ್ರಸಂಗದ ಕಥೆಯನ್ನು ಉದ್ದಕ್ಕೆ ಒಪ್ಪಿಸುವುದಿಲ್ಲ. ಹಾಡುವ ಭಾಗವತರ ಪದ ಮುಗಿಯುತ್ತಲೇ ಒಂದು ಪಾತ್ರವಾಗಿ ಅದರ ಇಕ್ಕಟ್ಟನ್ನು ಎದುರಿನವರ ಮುಂದಿಡುತ್ತಾನೆ. ಎದುರಿನ ಅರ್ಥಧಾರಿಗೆ ಮಾತು ಹುಟ್ಟುವುದು ಆ ಇಕ್ಕಟ್ಟಿನಿಂದಲೇ. ಅಭಿಮಾನಿ ಬರಹಗಾರರೂ ಇಂಥ ಎದುರು ಮಾತಿನವರು. ಅವರಿಗೆ ಕೊಡಬೇಕಾದದ್ದು ಉತ್ತರ ಬಯಸುವ ಒಂದು ಪ್ರಶ್ನೆ.

ಮೂಲ ಬಿಟ್ಟುಹೋದ ಜಾಗ

ಮೂಲಕೃತಿ ಹೇಳದೆ ಬಿಟ್ಟದ್ದರಲ್ಲಿ ಅಭಿಮಾನಿ ಕಥೆಗೆ ಜಾಗವಿರುತ್ತದೆ. ಹಾಗಾಗಿ ಸಾಮಾನ್ಯ ಓದುಗರಿಗೆ ಪುಸ್ತಕ ಪರಿಚಯಿಸುವ ಬಗೆಯೇ ಬೇರೆ, ಬರಹಗಾರರಿಗೆ ಪರಿಚಯಿಸುವ ಬಗೆಯೇ ಬೇರೆ. ಓದುಗರಿಗೆ ಪುಸ್ತಕದಲ್ಲಿ ಏನಿದೆ ಎಂದು ಹೇಳಬೇಕು, ಬರಹಗಾರರಿಗೆ ಏನಿಲ್ಲ ಎಂದು ತೋರಿಸಬೇಕು.

‘ಲಡ್-ಇನ್-ದ-ಮಿಸ್ಟ್’ನಲ್ಲಿ ಇಂಥ ಜಾಗಗಳು ಹಲವು. ಮೇಯರನ ಮಗಳು ಪ್ರುನೆಲ್ಲಾ ಓದುವ ಶಾಲೆಯ ಹುಡುಗಿಯರು ಒಂದು ದಿನ ಬೆಟ್ಟಗಳ ಕಡೆಗೆ ಓಡಿಹೋಗುತ್ತಾರೆ. ಕಾದಂಬರಿ ಹೆಚ್ಚಾಗಿ ತಂದೆಯ ಬೆನ್ನು ಹಿಡಿಯುತ್ತದೆ. ಆ ಹುಡುಗಿಯರ ಅನುಭವ ಅವರದೇ ಬಾಯಲ್ಲಿ ಬರುವುದಿಲ್ಲ. ಇನ್ನೊಂದು ಜಾಗ ಕಾನೂನಿನ ಆ ಸುಳ್ಳು. ಹಣ್ಣಿಗೆ ರೇಷ್ಮೆ ಎಂದು ಮೊದಲ ಸಲ ಬರೆದ ಗುಮಾಸ್ತ ಯಾರು? ಬರೆಯುವಾಗ ಅವನ ಕೈ ನಡುಗಿತೇ? ಮೂರನೆಯ ವರ್ಷ ಈ ಲೇಖಕಿ ಒಬ್ಬ ಗೆಳತಿಗೆ ಕೇಳಿದ್ದು ಈ ಗುಮಾಸ್ತನ ಪ್ರಶ್ನೆಯೊಂದನ್ನೇ. ಆ ಗೆಳತಿ ವೃತ್ತಿಯಲ್ಲಿ ವಕೀಲೆ. ಆಕೆ ಆ ವಾರವೇ ಕಾದಂಬರಿ ಓದಿ ಮುಗಿಸಿದಳು.

ಇದರಲ್ಲಿ ಎರಡು ಪಾಠಗಳಿವೆ. ಪ್ರಶ್ನೆ ಒಂದೇ ಇರಬೇಕು, ಮತ್ತು ಕೇಳುವವರನ್ನು ನೋಡಿ ಪ್ರಶ್ನೆ ಆರಿಸಬೇಕು. ತಂದೆ ಮಕ್ಕಳ ಕಥೆಗಳನ್ನು ಬರೆಯುವವರಿಗೆ ಮೇಯರ್ ಮತ್ತು ಅವನ ಮಗನ ಸಂಬಂಧ ಹೇಳಬೇಕು. ಹೆಣ್ಣುಮಕ್ಕಳ ಗೆಳೆತನದ ಬಗ್ಗೆ ಬರೆಯುವವರಿಗೆ ಶಾಲೆಯ ಹುಡುಗಿಯರನ್ನು ತೋರಿಸಬೇಕು. ಅವರು ಹಿಂದೆ ಬರೆದ ಕಥೆಗಳನ್ನು ಮೊದಲು ಓದಿಕೊಂಡರೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯುತ್ತದೆ.

ದಾರಿ ಸುಲಭ ಮಾಡುವುದು

ಪ್ರಶ್ನೆ ಹಿಡಿದರೂ ಪುಸ್ತಕ ಕೈಗೆ ಸಿಗದಿದ್ದರೆ ಪ್ರಯೋಜನವಿಲ್ಲ. ಕೃತಿ ಎಲ್ಲಿ ಸಿಗುತ್ತದೆ, ಎಷ್ಟು ಪುಟದ್ದು, ಓದಲು ಎಷ್ಟು ಸಂಜೆ ಬೇಕು ಎಂಬುದನ್ನು ಮೊದಲೇ ಹೇಳಬೇಕು. 1926ರ ಕೃತಿಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2022ರ ಜನವರಿ 1ಕ್ಕೆ ಮುಗಿದದ್ದರಿಂದ ಮಿರ್ಲೀಸರ ಕಾದಂಬರಿ ಅಲ್ಲಿ ಈಗ ಎಲ್ಲರ ಸ್ವತ್ತು. ಯೂಲ್‌ಟೈಡ್‌ನಲ್ಲಿ ಕಾದಂಬರಿಗಳ ಜೊತೆಗೆ ಒಂದು ಹಾಡು, ಒಂದು ಜಾಹೀರಾತು, ಒಂದು ಸಣ್ಣಕಥೆ ಕೂಡ ಫ್ಯಾಂಡಮ್ ಆಗಿ ಬರುತ್ತವೆ. ಐದು ನಿಮಿಷದಲ್ಲಿ ಮುಗಿಯುವ ಮೂಲಕ್ಕೆ ಬರಹಗಾರರು ಬೇಗ ಒಪ್ಪುತ್ತಾರೆ. ದೊಡ್ಡ ಕೃತಿಯಾದರೆ ಒಂದು ಅಧ್ಯಾಯವನ್ನು ಸೂಚಿಸಿ, ಅದು ಹಿಡಿಸದಿದ್ದರೆ ಬಿಡಬಹುದು ಎಂದು ಹೇಳುವುದು ಒಳ್ಳೆಯದು.

ಗೊತ್ತಿರುವ ಕೃತಿಯಿಂದ ಗೊತ್ತಿಲ್ಲದ್ದಕ್ಕೆ ಸೇತುವೆ ಕಟ್ಟುವುದು ಇನ್ನೊಂದು ಉಪಾಯ. ಸುಸಾನಾ ಕ್ಲಾರ್ಕ್ ಅವರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್’ 2004ರಲ್ಲಿ ಬಂತು, 2015ರಲ್ಲಿ ಬಿಬಿಸಿಯಲ್ಲಿ ಧಾರಾವಾಹಿಯಾಯಿತು. ಅದನ್ನು ಮೆಚ್ಚಿದವರಿಗೆ ಗಂಭೀರ ಮುಖದ ಅಧಿಕಾರಿಗಳು ಯಕ್ಷಲೋಕಕ್ಕೆ ಎದುರಾಗುವ ಕಥೆ ಹೊಸದಲ್ಲ. ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ 1977ರಲ್ಲಿ ಪ್ರಕಟಿಸಿದ ಯಕ್ಷರ ಕಥೆಗಳ ಓದುಗರೂ ಈ ದಾರಿಯಲ್ಲಿ ಬರಬಲ್ಲವರು. ಸೇತುವೆ ಕಟ್ಟುವಾಗ ಒಂದು ಎಚ್ಚರ ಬೇಕು. ‘ಅದರ ಹಾಗೇ ಇದೆ’ ಎಂದರೆ ಓದುವವರು ಅದನ್ನೇ ಹುಡುಕಿ ನಿರಾಶರಾಗುತ್ತಾರೆ. ಎಲ್ಲಿ ಹೋಲುತ್ತದೆ, ಎಲ್ಲಿ ಬೇರೆ ಎಂದು ಎರಡನ್ನೂ ಹೇಳಬೇಕು.

ಕೃತಿಯ ಕೊರತೆಗಳನ್ನೂ ಮುಚ್ಚಿಡಬಾರದು. ಮಿರ್ಲೀಸರ ಕಾದಂಬರಿಯ ಆರಂಭ ನಿಧಾನ, ಊರಿನ ವರ್ಣನೆ ಉದ್ದ. ಇದನ್ನು ಮೊದಲೇ ತಿಳಿದವರು ತಾಳ್ಮೆಯಿಂದ ದಾಟುತ್ತಾರೆ, ತಿಳಿಯದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಹಿಂಸೆ, ಸಾವು ಮುಂತಾದವು ಓದುವವರನ್ನು ಕಲಕುವಂತಿದ್ದರೆ ಅದನ್ನೂ ಹೇಳುವುದು ಕರ್ತವ್ಯ.

ಬರೆಯುವವರಿಗೆ ಪತ್ರ

ವಿನಿಮಯದಲ್ಲಿ ಕಥೆ ಬೇಡುವವರು ತಮಗೆ ಬರೆಯಲಿರುವ ಅಪರಿಚಿತರಿಗೆ ಒಂದು ಪತ್ರ ಇಡುವ ವಾಡಿಕೆಯಿದೆ. ಕೃತಿಯಲ್ಲಿ ತಮಗೆ ಏನು ಇಷ್ಟ, ಯಾವ ಪಾತ್ರದ ಮೇಲೆ ಮಮತೆ, ಏನು ಖಂಡಿತ ಬೇಡ ಎಂಬುದು ಅದರಲ್ಲಿರುತ್ತದೆ. ಬೇಡದ್ದರ ಪಟ್ಟಿ ಚಿಕ್ಕದಾಗಿ, ಸ್ಪಷ್ಟವಾಗಿ ಇರಬೇಕು. ಬೇಕಾದದ್ದರ ಕಡೆ ಕೈ ಸಡಿಲವಾಗಿರಬೇಕು. ಈ ಲೇಖಕಿ ಒಮ್ಮೆ ದೃಶ್ಯದಿಂದ ದೃಶ್ಯಕ್ಕೆ ಹೀಗೇ ಆಗಬೇಕೆಂದು ಬರೆದಿದ್ದಳು. ಬಂದ ಕಥೆ ಅಚ್ಚುಕಟ್ಟಾಗಿತ್ತು, ಹೇಳಿದ್ದೆಲ್ಲ ಇತ್ತು, ಆದರೆ ಬರೆದವರ ಉಸಿರು ಅದರಲ್ಲಿರಲಿಲ್ಲ. ಮುಂದಿನ ವರ್ಷದ ಪತ್ರದಲ್ಲಿ ಮೂರು ಪ್ರಶ್ನೆಗಳಷ್ಟೇ ಇದ್ದವು. ಆಗ ಬಂದ ಕಥೆ ಅವುಗಳಲ್ಲಿ ಒಂದಕ್ಕೂ ಉತ್ತರಿಸಲಿಲ್ಲ, ನಾಲ್ಕನೆಯ ಪ್ರಶ್ನೆಯೊಂದನ್ನು ತಾನೇ ಎತ್ತಿತು. ಈ ಲೇಖಕಿ ಇಂದಿಗೂ ಮತ್ತೆ ಮತ್ತೆ ಓದುವುದು ಆ ಕಥೆಯನ್ನೇ.

ಬಂದವರನ್ನು ಉಳಿಸಿಕೊಳ್ಳುವುದು

ಹೊಸಬರು ಓದಿ ಮೊದಲ ಕಥೆ ಬರೆದ ಮೇಲೆ ಅವರಿಗೆ ಸಿಗುವ ಉತ್ತರ ಮುಖ್ಯ. ಸಣ್ಣ ಬಳಗದಲ್ಲಿ ಕಥೆಗೆ ನೂರಾರು ಓದುಗರು ಸಿಗುವುದಿಲ್ಲ, ಹಳಬರೊಬ್ಬರ ನಾಲ್ಕು ಸಾಲೇ ದೊಡ್ಡ ಸಂಭಾವನೆ. ಯಾವ ವಾಕ್ಯ ಮನಸ್ಸಿಗೆ ತಾಗಿತು, ಮೂಲದ ಯಾವ ಜಾಗ ಅದರಿಂದ ಬೆಳಗಿತು ಎಂದು ಹೆಸರಿಸಿ ಹೇಳಬೇಕು. ನದಿಯ ಹೆಸರು ತಪ್ಪಿತು, ವಯಸ್ಸಿನ ಲೆಕ್ಕ ಹೊಂದಲಿಲ್ಲ ಎಂಬ ತಿದ್ದುಪಡಿಗಳನ್ನು ಅವರು ಕೇಳಿದರೆ ಮಾತ್ರ, ಖಾಸಗಿಯಾಗಿ ಹೇಳುವುದು ಒಳ್ಳೆಯದು. ಕೃತಿಯನ್ನು ಮೊದಲು ಓದಿದವರು ಅದರ ಯಜಮಾನರಾಗುವುದಿಲ್ಲ. ಹಳಬರು ಕಾವಲುಗಾರರಂತೆ ನಡೆದುಕೊಂಡ ಬಳಗಕ್ಕೆ ಹೊಸಬರು ಎರಡನೆಯ ಸಲ ಕಾಲಿಡುವುದಿಲ್ಲ.

ಕೊನೆಯದು ಕೊಡುಕೊಳ್ಳುವಿಕೆ. ತನ್ನ ಕೃತಿಯನ್ನು ಓದಿಸಬೇಕೆನ್ನುವವರು ಇತರರು ಮೆಚ್ಚಿದ್ದನ್ನೂ ಓದಬೇಕು. ಆ ವಕೀಲ ಗೆಳತಿ ಗುಮಾಸ್ತನ ಕಥೆ ಬರೆದು ಮುಗಿಸಿದ ಮೇಲೆ ತನ್ನ ಪಟ್ಟಿಯ ಒಂದು ಹೆಸರನ್ನು ಮುಂದಿಟ್ಟಳು. ಅದು ಕೆಂಪುನಾರಾಯಣ 1823ರಲ್ಲಿ ಬರೆದ ‘ಮುದ್ರಾಮಂಜೂಷ’. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಕಥೆಯನ್ನು ಕನ್ನಡ ಗದ್ಯದಲ್ಲಿ ಮತ್ತೆ ಹೇಳಿದ ಕೃತಿ ಅದು. ಮೂಲವೊಂದನ್ನು ಹಚ್ಚಿಕೊಂಡು ಅದನ್ನು ತನ್ನದಾಗಿ ಬರೆಯುವ ಕೆಲಸ ಕನ್ನಡಕ್ಕೆ ಹೊಸದಲ್ಲ ಎಂಬುದು ಈ ಲೇಖಕಿಗೆ ಚೆನ್ನಾಗಿ ಮನದಟ್ಟಾದದ್ದು ಆ ಓದಿನಿಂದ. ಗೆಳತಿ ಆ ಪುಸ್ತಕವನ್ನು ಕೈಗಿಟ್ಟಾಗ ಹೊಗಳಿಕೆಯ ಒಂದು ಮಾತನ್ನೂ ಆಡಿರಲಿಲ್ಲ. ಅದರಲ್ಲಿ ಬರುವ ಚಾಣಕ್ಯನ ಗೂಢಚಾರರು ಕೆಲಸ ಮುಗಿಸಿ ಮನೆಗೆ ಹೋದಾಗ ಹೆಂಡತಿ ಮಕ್ಕಳಿಗೆ ಏನೆಂದು ಹೇಳುತ್ತಿದ್ದಿರಬಹುದು ಎಂದು ಕೇಳಿದ್ದಳು, ಅಷ್ಟೆ.